ಮಂಗಳವಾರದ ಸದ್ದು

ಕುಸುಮಾವತಿ ಶೆಡ್ತಿ ಯಾರನ್ನೂ ನಂಬದ ಹೆಂಗಸು. ಇದನ್ನು ಜಾಣತನ ಎನ್ನುವವರು ಕೆರಾಡಿಯಲ್ಲಿದ್ದಾರೆ. ಜಾಣತನವಲ್ಲ, ದೋಷ. ಐವತ್ತೆಂಟು ವರ್ಷಗಳಲ್ಲಿ ಆಕೆ ಅದನ್ನು ತಿದ್ದಿಕೊಳ್ಳಲು ಹೊರಟದ್ದನ್ನು ಕಂಡವರಿಲ್ಲ. ಕುಂದಾಪುರದಲ್ಲಿ ಹಲ್ಲು ಕೀಳಿಸಿಕೊಂಡಾಗ, ಕಿತ್ತದ್ದು ನೋಯುತ್ತಿದ್ದ ಹಲ್ಲೇ ಹೌದೋ ಎಂದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದವಳು ಈಕೆ. ರಕ್ತಪರೀಕ್ಷೆಯನ್ನು ಎರಡು ಕಡೆ ಮಾಡಿಸುತ್ತಾಳೆ. ಎರಡರಲ್ಲೂ ಒಂದೇ ಉತ್ತರ ಬಂದರೆ, ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎನ್ನುತ್ತಾಳೆ.

ಮುಂಬೈಯಲ್ಲಿ ಗಂಡನ ಹೋಟೆಲಿತ್ತು. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಆಕೆ ಅರ್ಧ ಆಯುಷ್ಯ ಕಳೆದಳು. ಗಂಡ ತೀರಿಕೊಂಡ ಮೇಲೆ ಹೋಟೆಲನ್ನು ಮೈದುನನಿಗೆ ಬಿಟ್ಟು ಊರಿಗೆ ಬಂದಳು. ಊರೆಂದರೆ ಕೆರಾಡಿಯಿಂದಲೂ ಮೇಲೆ, ಕಾಡಿಗೆ ಒತ್ತಿಕೊಂಡಿರುವ ಬಾಳೆಗುಂಡಿ. ಡಾಂಬರು ಕೆಳಗೇ ಮುಗಿಯುತ್ತದೆ. ಮುಂದೆ ಒಂದು ಹಳ್ಳ, ಹಳ್ಳ ದಾಟಿದರೆ ಕೆಂಪು ಮಣ್ಣಿನ ಕಡಿದಾದ ಏರು. ಬಾಡಿಗೆ ಕಾರಿನವರು ಹಳ್ಳದ ಈಚೆಗೇ ನಿಂತು ಹಾರ್ನ್ ಹೊಡೆಯುತ್ತಾರೆ. ಯಾರದೋ ಗಾಡಿಗಾಗಿ ಕಾಯುವುದು ಕುಸುಮಾವತಿಗೆ ಸರಿಹೋಗಲಿಲ್ಲ. ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪೊಂದನ್ನು ಕೊಂಡು, ತಾನೇ ಬಿಡಲು ಕಲಿತಳು. ಅಂದಿನಿಂದ ಬಾಳೆಗುಂಡಿಯ ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಜ್ವರ ಬಂದ ಮಕ್ಕಳು, ಮದುವೆಯ ದಿಬ್ಬಣ ಎಲ್ಲವೂ ಆ ಜೀಪಿನಲ್ಲೇ ಇಳಿದು ಹತ್ತುತ್ತವೆ. ಸ್ಟೇರಿಂಗನ್ನು ಮಾತ್ರ, ರಿಪೇರಿಯ ಹೊತ್ತು ಬಿಟ್ಟರೆ, ಇನ್ನೊಬ್ಬರು ಮುಟ್ಟುವಂತಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಜೀಪಿನಲ್ಲಿ ಒಂದು ಸದ್ದು ಹುಟ್ಟಿತು. ಏರು ಹತ್ತುವಾಗ ಹಿಂಬದಿಯಿಂದ 'ಕಟಕ್' ಎಂದು, ಕಬ್ಬಿಣದ ಕದವನ್ನು ಯಾರೋ ಒಳಗಿನಿಂದ ಗುದ್ದಿದ ಹಾಗೆ. ಕುಸುಮಾವತಿ ನಿಲ್ಲಿಸುತ್ತಿದ್ದಳು, ಎಲ್ಲರೂ ಗಾಬರಿಯಿಂದ ಇಳಿಯುತ್ತಿದ್ದರು, ಆಕೆ ಬಗ್ಗಿ ನೋಡುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ. ಉಳಿದವರಿಗೆ ನಡೆಯಲು ಹೇಳಿ ಒಬ್ಬಳೇ ಹತ್ತಿಸಿದರೆ ಜೀಪು ಹಾಲು ಕುಡಿದ ಮಗುವಿನಂತೆ ಸುಮ್ಮನಿರುತ್ತಿತ್ತು. ಮರುದಿನವೂ ಸುಮ್ಮನೆ, ಅದರ ಮರುದಿನವೂ. ಇನ್ನು ಹೋಯಿತು ಎನ್ನುವಷ್ಟರಲ್ಲಿ ಮತ್ತೆ 'ಕಟಕ್'.

ಬೇರೆ ಸಮಯದಲ್ಲಾದರೆ ಇದನ್ನು ಸಹಿಸಬಹುದಿತ್ತು. ಆದರೆ ನೆರೆಮನೆಯ ಬಾಗಿಯ ಮಗಳು ಅಮಿತಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವುದು ಜೂನ್ ನಡುವಿಗೆ, ಸರಿಯಾಗಿ ಹಳ್ಳ ತುಂಬುವ ಹೊತ್ತಿಗೆ. ಆಗ ಅವಳನ್ನು ಕೆಳಗಿಳಿಸಬಲ್ಲ ಗಾಡಿ ಇದೊಂದೇ. ಜೀಪು ಆಗದಿದ್ದರೆ ಅಮಿತಾ ಈಗಲೇ ಕುಂದಾಪುರಕ್ಕೆ ಹೋಗಿ ನಾದಿನಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಇರಬೇಕು. ಹಟ್ಟಿಯಲ್ಲಿ ಕರೆಯುವ ಹಸುಗಳನ್ನು ಬಿಟ್ಟು ಬಾಗಿ ಜೊತೆಗೆ ಹೋಗುವಂತಿಲ್ಲ. ಚೊಚ್ಚಲ ಹೆರಿಗೆಗೆ ತಾಯಿಯಿಲ್ಲದೆ ಹೋಗುವುದನ್ನು ನೆನೆದರೇ ಹುಡುಗಿಗೆ ಭಯ.

"ನೀವ್ ಕರ್ಕಂಡ್ ಹೋತೆ ಅಂದ್ರೆ ನಾ ಇಲ್ಲೇ ಇರ್ತೆ, ಕುಸುಮಕ್ಕ" ಎಂದು ಅಮಿತಾ ಕೇಳಿಯೂ ಬಿಟ್ಟಳು.

"ನನ್ ನಂಬು. ಜೀಪ್ ನಂಬ್‌ಬ್ಯಾಡ" ಎಂದಳು ಕುಸುಮಾವತಿ. ಅದು ಉತ್ತರವಲ್ಲವೆಂದು ಆಕೆಗೂ ಗೊತ್ತಿತ್ತು.

ಆಕೆ ಮೊದಲು ಸಂಶಯಪಟ್ಟದ್ದು ಊರಿನ ಮುದುಕ ತಿಮ್ಮಣ್ಣ ಜೀಪಿನಲ್ಲಿ ತರುತ್ತಿದ್ದ ಕತ್ತಿಯನ್ನು, ಆಮೇಲೆ ಬಾಗಿಯ ಹಾಲಿನ ಕ್ಯಾನನ್ನು. ಎರಡನ್ನೂ ಇಳಿಸಿ ನೋಡಿದ ಮೇಲೆ ಉಳಿದವನು ಶೈಲೇಶ್. ಕೆರಾಡಿಯವನೇ, ಗ್ಯಾರೇಜು ಇರುವುದು ಸಿದ್ದಾಪುರದಲ್ಲಿ. ಆಳು ದಪ್ಪ, ಮಾತು ನಿಧಾನ. ಹಿಂದಿನ ತಿಂಗಳು ಬ್ರೇಕ್ ಸರಿಮಾಡಿದ್ದು ಅವನೇ.

"ಬ್ರೇಕ್ ಮಾಡುವತಿಗೆ ಬೇರೆ ಎಂತ ಬಿಚ್ಚಿದ್ದೆ?"

"ಬೇರೆ ಬಿಚ್ಚೂಕೆ ನೀವ್ ಬಿಟ್ರಲ್ದಾ, ಕುಸುಮಕ್ಕ? ಸ್ಟೂಲ್ ಹಾಯ್ಕಂಡ್ ಎದ್ರಿಗೇ ಕೂತಿದ್ರಿ."

ಅವನು ಜನರ ಭಾರಕ್ಕೆ ಬದಲಾಗಿ ಜೀಪಿನ ನಡುವೆ ರಬ್ಬರ್ ಶೀಟಿನ ಕಟ್ಟುಗಳನ್ನು ಪೇರಿಸಿಕೊಂಡು ಸಿದ್ದಾಪುರದ ಏರುಗಳನ್ನೆಲ್ಲ ಹತ್ತಿಸಿ ಬಂದ. ಸದ್ದಿಲ್ಲ. ಚಕ್ರ ಎತ್ತಿ ಅಲ್ಲಾಡಿಸಿದ. ಸಡಿಲವಿಲ್ಲ.

"ನಿಂಗೆ ಕೇಂಬುದಿಲ್ವಾ, ಕೇಂಡ್ರೂ ಹೇಳುದಿಲ್ವಾ?" ಎಂದು ಕೇಳಿ ಆಕೆ ಜೀಪನ್ನು ಊರಿಗೆ ವಾಪಸು ತಂದಳು.

ಸದ್ದು ವಾರದಲ್ಲಿ ಒಂದೇ ದಿನ ಬರುತ್ತದೆ ಎಂದು ಹೊಳೆದದ್ದು ಬಾಗಿಗೆ. ಮಂಗಳವಾರ ಕೆರಾಡಿಯಲ್ಲಿ ಹೆಂಗಸರ ಸಂಘದ ಸಭೆ. ಸದ್ದು ಬರುವುದು ಸಭೆ ಮುಗಿಸಿ ಎಲ್ಲರೂ ಒಟ್ಟಿಗೆ ಹಿಂದಿರುಗುವಾಗ ಮಾತ್ರ.

"ಜೀಪಿಗೂ ಸಂಘದ್ ಹೆಂಗ್ಸ್ರ್ ಕಂಡ್ರೆ ಆತಿಲ್ಲ ಕಾಣಿ" ಎಂದಳು ಬಾಗಿ.

"ನಿಮ್ ಪಟ್ಟಾಂಗ ಕೇಂಡ್ ಕೇಂಡ್ ಅದ್ ತಲೆ ಚಚ್ಕಂಬುದ್" ಎಂದ ತಿಮ್ಮಣ್ಣ. ಅವನು ಪೇಟೆಯ ಸಾಮಾನಿಗೆಂದು ಮಂಗಳವಾರವೇ ಇಳಿಯುತ್ತಿದ್ದ.

ಮುಂದಿನ ಮಂಗಳವಾರ ಕುಸುಮಾವತಿ ಶೈಲೇಶನನ್ನು ಕೆರಾಡಿಯಲ್ಲಿ ಹತ್ತಿಸಿಕೊಂಡಳು. ಜೀಪಿನ ಹಿಂದೆ ಎದುರುಬದುರಾಗಿ ಎರಡು ಉದ್ದ ಬೆಂಚುಗಳಿದ್ದವು. ಎಡಗಡೆಯದು ಹೆಂಗಸರಿಗೆ, ಬಲಗಡೆಯದು ಗಂಡಸರಿಗೆ. ಹಾಗೆಂದು ಯಾರೂ ಬರೆದು ಹಾಕಿರಲಿಲ್ಲ. ಮೊದಲ ದಿನ ಹಾಗೆ ಕೂತರು, ಆಮೇಲೆ ಹಾಗೆಯೇ ಕೂತರು. ಶೈಲೇಶ್ ತಿಮ್ಮಣ್ಣನ ಪಕ್ಕದಲ್ಲಿ ಬಲಗಡೆ ಕೂತ. ಜೀಪು ಹಳ್ಳ ದಾಟಿತು, ಏರು ಹತ್ತಿತು, ಮೇಲೆ ಮುಟ್ಟಿತು. ಚಕಾರವಿಲ್ಲ.

"ನೆಂಟ್ರ ಮನೆಗ್ ಬಂದಾಂಗ್ ಬಂದ್ ಕೂತೆ, ಎದ್ದೆ. ಆಯ್ತಲ್ದಾ?" ಎಂದಳು ಕುಸುಮಾವತಿ.

ಶೈಲೇಶ್ ಕೈ ಒರೆಸಿಕೊಂಡ. "ಕುಸುಮಕ್ಕ, ನಾ ಸುಳ್ಳ್ ಹೇಳುದೇ ಆರೆ ಗೇರ್‌ಬಾಕ್ಸ್ ಹೋಯ್ತ್ ಅಂತಿದ್ದೆ. ಕೇಣ್ಲಿಲ್ಲ ಅಂದ್ರೆ ನಂಗ್ ಎಂತ ಸಿಕ್ಕುತ್ತ್? ಬೈಗಳ ಅಲ್ದಾ?"

ಮೋಸಗಾರನೊಬ್ಬ ಇಷ್ಟು ಲಾಭವಿಲ್ಲದ ಮೋಸವನ್ನು ಏಕೆ ಮಾಡುತ್ತಾನೆ ಎಂದು ಆಕೆ ಆ ವಾರವಿಡೀ ಯೋಚಿಸಿದಳು. ಅವನು ನಿಜ ಹೇಳುತ್ತಿದ್ದಾನೆ ಎಂದು ಒಪ್ಪಿಕೊಂಡರೆ, ಕೇಳುವ ಜಾಗವೇ ಬೇರೆ ಇರಬೇಕು. ಸ್ಟೇರಿಂಗಿನ ಹಿಂದೆ ಕೂತು ತಾನು ಕೇಳಿದ್ದೂ ಅರ್ಧವೇ. ಹಿಂದೆ, ಹೆಂಗಸರ ಜೊತೆಗೆ ಕೂರಬೇಕು. ಅಂದರೆ ಜೀಪನ್ನು ಬೇರೆಯವರು ಬಿಡಬೇಕು.

ಅಷ್ಟರಲ್ಲಿ ನಾದಿನಿ ಫೋನು ಮಾಡಿ, ಶುಕ್ರವಾರ ಬಂದು ಅಮಿತಾಳನ್ನು ಕರೆದೊಯ್ಯುತ್ತೇನೆ ಎಂದಿದ್ದಳು. "ಇನ್ನೊಂದ್ ವಾರ ತಡಿ" ಎಂದು ಬಾಗಿ ಬೇಡಿಕೊಂಡಳು.

ಮಂಗಳವಾರ ಸಂಜೆ ಕೆರಾಡಿಯಲ್ಲಿ ಕುಸುಮಾವತಿ ಇಳಿದು ಶೈಲೇಶನಿಗೆ ಜಾಗ ಕೊಟ್ಟಾಗ ಸಂಘದ ಹೆಂಗಸರ ಮಾತು ನಿಂತಿತು. ಆಕೆ ಎಡಗಡೆಯ ಬೆಂಚಿನ ತುದಿಯಲ್ಲಿ ತುರುಕಿಕೊಂಡು ಕೂತಳು. ಕೂತದ್ದು ಹೆಸರಿಗೆ. "ಕ್ಲಚ್ ತುಳಿ! ಎಡಕ್ ಹಿಡಿ! ಹಳ್ಳದಗೆ ಕಲ್ಲಿತ್ತ್, ಕಣ್ಣಿತ್ತಾ ನಿಂಗೆ?" ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದಳು.

ಏರಿನ ಅರ್ಧಕ್ಕೆ ಬಂತು: ಕಟಕ್. ಹಿಂದೆಂದೂ ಇಷ್ಟು ಜೋರಾಗಿ ಬಂದಿರಲಿಲ್ಲ. ಕುಸುಮಾವತಿಯ ಅಂಗಾಲಿಗೇ ಗುದ್ದಿತು.

"ನಿಲ್ಸ್! ಯಾರೂ ಇಳೂಕಾಗ!"

ಕಾಲು ಹೊರಗಿಟ್ಟಿದ್ದ ಬಾಗಿ ಹಾಗೆಯೇ ನಿಂತಳು. ಕುಸುಮಾವತಿ ಜೀಪಿನೊಳಗೆ ಸುತ್ತ ನೋಡಿದಳು. ಈ ಬೆಂಚಿನಲ್ಲಿ ಒಬ್ಬರ ಮೇಲೊಬ್ಬರು ಎಂಬಂತೆ ಹೆಂಗಸರು. ಎದುರಿನ ಬೆಂಚಿನಲ್ಲಿ ತಿಮ್ಮಣ್ಣ ಒಬ್ಬನೇ, ಸಾಮಾನಿನ ಚೀಲಕ್ಕೆ ಒರಗಿ, ಕಾಲು ಚಾಚಿಕೊಂಡು, ರಾಜನ ಹಾಗೆ.

"ತಿಮ್ಮಣ್ಣ, ಕಾಲ್ ಮಡ್ಚಿ. ಬಾಗಿ, ನೀ ಆಚಿ ಬದಿಗ್ ಕೂಕೊ. ನೀವ್ ಮೂರ್ ಜನವೂ ಹೋಯ್ನಿ."

"ಗಂಡ್ಸ್ರ್ ಬದಿಗಾ?"

"ತಿಮ್ಮಣ್ಣ ಕಚ್ಚುದಿಲ್ಲ, ಹೋಗೆ."

"ಹಲ್ಲಿದ್ರಲ್ದಾ ಕಚ್ಚುಕೆ" ಎಂದು ಮುದುಕ ಸರಿದು ಕೂತ.

ಶೈಲೇಶ್ ಜೀಪನ್ನು ಹಿಂದಕ್ಕಿಳಿಸಿ ಮತ್ತೆ ಹತ್ತಿಸಿದ. ಸದ್ದಿಲ್ಲ. ಎಲ್ಲರನ್ನೂ ಮತ್ತೆ ಎಡಕ್ಕೆ ಕೂರಿಸಿ ಹತ್ತಿಸಿದ. ಕಟಕ್. ಈಗ ಅವನಿಗೂ ಹೊಳೆಯಿತು. ರಬ್ಬರಿನ ಕಟ್ಟುಗಳನ್ನು ನಡುವೆ ಪೇರಿಸಿದ್ದೂ, ಹಿಂದಿನ ಸಲ ತನ್ನ ದಪ್ಪ ದೇಹವನ್ನು ಬಲಗಡೆ ಇಟ್ಟದ್ದೂ ನೆನಪಾಗಿ ಅವನು ಹಣೆ ಬಡಿದುಕೊಂಡ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಹೆಂಗಸರನ್ನು ಕೂತಲ್ಲೇ ಕೂರಿಸಿ, ಎಡಗಡೆಯ ಹಿಂಚಕ್ರದ ಸಂದಿಗೆ ಟಾರ್ಚು ಹಿಡಿದ. ಭಾರ ಹೊರಲು ಅಲ್ಲಿ ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ನಡುವಿನ ಒಂದು ಪ್ಲೇಟು, ಬಿಗಿದ ಜಾಗದ ಒಳಗೇ ಸೀಳಿತ್ತು. ಜನ ಇಳಿದರೆ ಸೀಳು ಮುಚ್ಚಿಕೊಂಡು ಕೆಸರಿನಲ್ಲಿ ಮರೆಯಾಗುತ್ತಿತ್ತು. ಎಡಗಡೆ ಭಾರ ಬಿದ್ದರೆ ಬಾಯಿ ಬಿಡುತ್ತಿತ್ತು.

"ಕಾಣಿ, ಕುಸುಮಕ್ಕ."

ಆಕೆ ಬಗ್ಗಿ ನೋಡಿದಳು. ಟಾರ್ಚನ್ನು ಅವನ ಕೈಯಿಂದ ಕಿತ್ತುಕೊಂಡು ಮತ್ತೊಮ್ಮೆ ನೋಡಿದಳು.

"ಇಷ್ಟ್ ದಿನ ಇಳ್ದ್ ಇಳ್ದ್ ಕಂಡದ್ದೇ ತಪ್ಪಾಯ್ತ್" ಎಂದಳು. ಶೈಲೇಶನ ಕ್ಷಮೆ ಕೇಳಲಿಲ್ಲ.

ಆಮೇಲೆ ಹೆಂಗಸರೆಲ್ಲ ಇಳಿದು ನಡೆದರು. ಖಾಲಿ ಜೀಪನ್ನು ಅವನು ಮೆಲ್ಲಗೆ ಸಿದ್ದಾಪುರಕ್ಕೆ ಒಯ್ದ. ಹೊಸ ಪ್ಲೇಟು ಬಂದು ಕೂರುವುದಕ್ಕೆ ವಾರ ಹಿಡಿಯಿತು. ಆ ವಾರ ಹಾಲಿನ ಕ್ಯಾನುಗಳು ತಲೆಯ ಮೇಲೆ ಇಳಿದವು. ಮಳೆಯ ಮೊದಲ ಮೋಡಗಳು ಕೊಡಚಾದ್ರಿಯ ಕಡೆ ನಿಂತಿದ್ದವು. ನಾದಿನಿ ಮತ್ತೆ ಫೋನು ಮಾಡಿದಳು. ಬಾಗಿ ಈ ಸಲ ಬೇಡಿಕೊಳ್ಳಲಿಲ್ಲ. ಮಂಗಳವಾರ ಎಲ್ಲರೂ ಎಡಗಡೆಯೇ ಕೂತು ಏರು ಹತ್ತುತ್ತೇವೆ, ಸದ್ದು ಬಂದರೆ ಬುಧವಾರವೇ ಕಳಿಸುತ್ತೇನೆ, ಬಾರದಿದ್ದರೆ ಹುಡುಗಿ ಇಲ್ಲೇ ಇರುತ್ತಾಳೆ ಎಂದು ಹೇಳಿಬಿಟ್ಟಳು.

ಮಂಗಳವಾರ ಸಭೆ ಮುಗಿಯುವ ಹೊತ್ತಿಗೆ ಶೈಲೇಶ್ ಜೀಪನ್ನು ಕೆರಾಡಿಗೆ ತಂದು ನಿಲ್ಲಿಸಿದ. ಹಳೆಯ ಪ್ಲೇಟಿನ ಎರಡು ತುಂಡುಗಳನ್ನೂ ತಂದಿದ್ದ. ಆಕೆ ಕೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಕೆಳಗಿಳಿದು ಬಾಗಿಲು ಹಿಡಿದು ನಿಂತ.

"ಬನ್ನಿ, ಬಿಡಿ. ಬೋಲ್ಟ್ ಬಿಗಿ ಮಾಡಿದ್ದ್ ಕಾಂಬುದಾರೆ ಕಾಣಿ."

ಕುಸುಮಾವತಿ ಬಗ್ಗಲಿಲ್ಲ. "ನೀನೇ ಬಿಡ್" ಎಂದು ಹಿಂದೆ ಹೋಗಿ ಬಾಗಿಯ ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಹಳ್ಳದವರೆಗೆ ಮೆಲ್ಲಗೆ ನಡೆದು, ಬಾಡಿಗೆ ಕಾರಿನಲ್ಲಿ ತಪಾಸಣೆಗೆ ಹೋಗಿ ಬಂದಿದ್ದ ಅಮಿತಾ ಮುಂದಿನ ಸೀಟಿನಲ್ಲಿದ್ದಳು, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು. ಅಂದು ಯಾರೂ ಪಟ್ಟಾಂಗ ಹೊಡೆಯಲಿಲ್ಲ. ಹಳ್ಳ ದಾಟಿತು. ಏರು ಶುರುವಾಯಿತು. ಅರ್ಧ ಏರು, ಹಲಸಿನ ಮರ, ಕೊನೆಯ ತಿರುವು. ಇಂಜಿನ್ನಿನ ಗೊರಗೊರ ಬಿಟ್ಟರೆ ಬೇರೇನೂ ಇಲ್ಲ. ಮೇಲೆ ಮುಟ್ಟಿದಾಗ ಅಮಿತಾ ತಿರುಗಿ ತಾಯಿಯನ್ನು ನೋಡಿದಳು. ಬಾಗಿಯ ಕಣ್ಣು ತುಂಬಿತ್ತು.

"ಹ್ವಾಯ್ ಕುಸುಮಕ್ಕ, ಬರ್ಲಿಲ್ಲ ಕಾಣಿ!" ಎಂದು ತಿಮ್ಮಣ್ಣ ಕೂಗಿದ.

ಬಾಗಿ ತುಟಿಯ ಮೇಲೆ ಬೆರಳಿಟ್ಟಳು. ಕುಸುಮಾವತಿ ಅವಳ ಹೆಗಲಿಗೆ ತಲೆಯಿಟ್ಟು, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದಳು. ಹಳ್ಳ ದಾಟುವ ಮೊದಲೇ ನಿದ್ದೆ ಹೋಗಿದ್ದಳು.