ದನಿ ಇದ್ದ ಜಾಗ

ಮೊನ್ನೆ ಸಂಜೆ ಅಡುಗೆಮನೆಯಲ್ಲಿ ನೀರಿನ ಕೊಡದ ಮೇಲೆ ಮುಚ್ಚಿದ್ದ ತಾಟು ತಾನಾಗಿಯೇ ಕುಣಿಯತೊಡಗಿತು. ಭೂಕಂಪವೇನಲ್ಲ. ಕಬ್ಬು ಇಳಿಸಿ ಮರಳುತ್ತಿದ್ದ ಟ್ರ್ಯಾಕ್ಟರೊಂದು ಸ್ಪೀಕರ್ ಸಮೇತ ಬೈಲಹೊಂಗಲದ ನಮ್ಮ ಓಣಿಯನ್ನು ಹೊಕ್ಕಿತ್ತು. ಹಾಡಿನ ಗುರುತು ಸಿಕ್ಕಿತು. ಸಿಕ್ಕಿದೊಡನೆ, ಎಂದಿನಂತೆ, ನಾಚಿಕೆಯೂ ಆಯಿತು...

ಅದು ಎದುರು ಮನೆಯವನ ಮಿಕ್ಸ್. ಅಂಗಡಿಯಲ್ಲಿ ಅವನು ಮೊಬೈಲ್ ದುರಸ್ತಿ ಮಾಡುತ್ತಿದ್ದ. ಉಳಿದ ಹೊತ್ತೆಲ್ಲ ಡಿಜೆ. ಹಂತಿ ಪದ, ಭಜನೆ, ಲಾವಣಿ, ಯಾವುದು ಸಿಕ್ಕರೂ ಅದರ ಕೆಳಗೆ ಎದೆಗೆ ಗುದ್ದುವಂಥ ಬೇಸ್ ಹಾಸಿ ಹೊಸದೊಂದನ್ನು ಹೊರಡಿಸುತ್ತಿದ್ದ. ಅದು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿ, ಸಂಗೊಳ್ಳಿ, ಚಚಡಿ ಸುತ್ತಿ ರಾಮದುರ್ಗದ ಆಚೆಗೂ ಹೋಗುತ್ತಿತ್ತು. ದಾರಿಯಲ್ಲಿ ಯಾರೂ ತನ್ನದೆಂದು ಹೇಳಿಕೊಳ್ಳಬಾರದಲ್ಲ? ಅದಕ್ಕೆ ಈ ಕಸುಬಿನವರು ನಡುವೆ ಹಾಡು ನಿಲ್ಲಿಸಿ, ಮಾಡಿದವನ ಹೆಸರನ್ನು ಕೂಗಿಸುತ್ತಾರೆ. ಆ ಕೂಗೇ ಮೊಹರು.

ಕೂಗಿಸಲಿಕ್ಕೆ ಅವನು ನನ್ನಲ್ಲಿಗೆ ಬಂದ. ಊರಿನ ಸನ್ಮಾನ, ಉದ್ಘಾಟನೆ, ಶ್ರದ್ಧಾಂಜಲಿ ಎಲ್ಲಕ್ಕೂ ನಿರೂಪಣೆ ನನ್ನದೇ ಆಗಿದ್ದ ಕಾಲ ಅದು.

“ಕಾಕಾ, ಎಲ್ಲಾರೂ ಇಂಗ್ಲಿಷ್‌ನ್ಯಾಗ ಒದರಸ್ತಾರ್ರಿ. ನಿಮ್ಮ ದನಿ ಹಾಕಿದ್ರ ಮಿಕ್ಸಿಗೆ ಒಂದ್ ಮರ್ಯಾದಿ ಬರತೈತಿ.”

“ಮತ್ತ ನನ್ನ ಮರ್ಯಾದಿ?”

“ನಿಮ್ಮ ಕಡೆ ಭಾಳ ಐತಲ್ರಿ, ಸ್ವಲ್ಪ ಕೊಡ್ರಿ.”

ಕೊಟ್ಟೆ. ಅವನ ಅಂಗಡಿಯ ಬೆಸುಗೆಯ ಹೊಗೆಯಲ್ಲಿ ಕೆಮ್ಮು ನುಂಗಿಕೊಂಡು, “ಸಭಿಕರೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು” ಎಂದು ಪರಮ ಗಾಂಭೀರ್ಯದಿಂದ ಹೇಳಿ, ಅವನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಉಚ್ಚರಿಸಿದೆ. ಹಾಡಿನಲ್ಲಿ ಅದರ ಬೆನ್ನಿಗೇ ಬೇಸ್ ಬೀಳುತ್ತಿತ್ತು. ಟ್ರ್ಯಾಕ್ಟರಿನ ಮೇಲಿಂದ ಬರುವ ದನಿ ಯಾರದೆಂದು ಯಾರಿಗೆ ತಿಳಿದೀತು ಎಂದು ಧೈರ್ಯವಾಗಿದ್ದೆ. ಒಳಗೊಳಗೆ ಹಿಗ್ಗೂ ಇತ್ತೆನ್ನಿ.

ಆಮೇಲೆ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮೈಕಿನ ಮುಂದೆ ಕಣ್ಣು ಅರೆಮುಚ್ಚಿ, “ಸಭಿಕರೇ, ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು” ಎಂದೆ. ಹಿಂದಿನ ಸಾಲಿನ ಹುಡುಗರು ಎದ್ದರು, ಕೈ ಮೇಲೆತ್ತಿಕೊಂಡು. ಅವರನ್ನು ಬೈಯುವಂತಿಲ್ಲ, ಆ ಮಾತಿಗೆ ಅವರ ಮೈ ಹಾಗೆ ಪಳಗಿತ್ತು. ಒಬ್ಬನಂತೂ ಬಾಯಿಂದಲೇ ಬೇಸ್ ಬೀಳಿಸಿದ. ತೀರಿಕೊಂಡವರ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು...

ಮೌನ ಮುಗಿಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಜನ ನಿಂತೇ ಇದ್ದರು. ಕೊನೆಗೆ ಎದುರು ಮನೆಯವನೇ ಹಿಂದಿನಿಂದ ಬಂದು, ನನ್ನ ಕೈಯಿಂದ ಮೈಕ್ ತೆಗೆದುಕೊಂಡು, “ಕುಂದರ್ರಿ ಎಲ್ಲಾರೂ” ಎಂದ.

ನಾನು ಕೇಳದಿದ್ದರೂ ಆ ವಾರವೇ ಅವನು ತನ್ನ ಎಲ್ಲ ಮಿಕ್ಸ್‌ಗಳಿಂದ ನನ್ನ ದನಿಯನ್ನು ಕಿತ್ತು, ಬೈಕಿನ ಮೇಲೆ ಊರೂರು ಸುತ್ತಿ, ಹಳೆಯವನ್ನು ಅಳಿಸಿ ಹೊಸವನ್ನು ಕೊಟ್ಟು ಬಂದ. ದನಿಯ ಜೊತೆಗೆ ಅವನ ಹೆಸರೂ ಹೋಯಿತು. ಯಾರು ಯಾರೋ ಹಾಡಿನ ಮೊದಲಿಗೇ ತಮ್ಮ ಹೆಸರು ಕೂಗಿಸಿಕೊಂಡು ಆ ಮಿಕ್ಸ್‌ಗಳನ್ನೇ ಹಂಚಿದರು. ಆ ಹೆಸರುಗಳು ಸವದತ್ತಿಯಿಂದ ಕಿತ್ತೂರಿನವರೆಗೆ ಪ್ರಸಿದ್ಧವಾದವು.

“ಬ್ಯಾರೆ ಯಾರ ಕಡೆಯಿಂದರ ಒದರಸಪಾ” ಎಂದೆ ಒಮ್ಮೆ.

“ನಿಮ್ಮ ಜಾಗಾದಾಗ ಮತ್ತೊಬ್ರನ್ನ ಹೆಂಗ ನಿಲ್ಲಸಲ್ರಿ ಕಾಕಾ? ಖಾಲಿ ಇರ್ಲಿ ತಗೋರಿ.”

‘ನನ್ನ ದನಿಯನ್ನೇ ತಿರುಗಿ ಹಾಕು’ ಎಂಬ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ಕುಳಿತುಕೊಂಡಿತು. ಊರಿಗೆಲ್ಲ ಎದ್ದು ನಿಲ್ಲಲು ಹೇಳುವ ನಾಲಿಗೆ.

ಹೋದ ವರ್ಷ ಅವನು ತೀರಿಕೊಂಡ. ಎದೆನೋವು ಎಂದರು. ಶ್ರದ್ಧಾಂಜಲಿ ಸಭೆ ನಡೆಯಲಿಲ್ಲ. ನಡೆದಿದ್ದರೆ ನಿರೂಪಣೆ ಯಾರು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಪಾಪ, ಯಾರೂ ನನ್ನನ್ನು ಕೇಳಲಿಲ್ಲ...

ಮೊನ್ನೆ ಟ್ರ್ಯಾಕ್ಟರ್ ನಮ್ಮ ಬಾಗಿಲ ಹತ್ತಿರ ಬಂದಾಗ ಹಾಡು ಥಟ್ಟನೆ ನಿಂತಿತು. ದನಿ ಇದ್ದ ಜಾಗ ಬಂದಿತ್ತು. ಒಳಗೆ ತಾಟೂ ಸುಮ್ಮನಾಯಿತು. ಟ್ರೇಲರಿನ ಮೇಲಿನ ಹುಡುಗರು ಕೈಯೆತ್ತಿ ಕಾದು ನಿಂತರು. ಅಲ್ಲಿ ಏನಿತ್ತೆಂದು ಈಗಿನವರಿಗೆ ಗೊತ್ತಿಲ್ಲ. ಆ ಮೌನವೇ ಮಿಕ್ಸ್‌ನ ಸೊಗಸು ಎಂದು ತಿಳಿದಿದ್ದಾರೆ.

ನಾನು ಹೊಸ್ತಿಲ ಮೇಲೆ ನಿಂತು ಅವನ ಹೆಸರು ಹೇಳಲು ಬಾಯಿ ತೆರೆದೆ. ಎರಡನೆಯ ಅಕ್ಷರಕ್ಕೇ ಬೇಸ್ ಬಿದ್ದಿತು.