ಒಳಲೆಯ ಹಾಲು

ನಿಲ್ಲಿಸಿ ಅಂತ ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ.

ತಂಗಿಯ ಮಗು ದಿನ ತುಂಬುವ ಎಷ್ಟೋ ಮೊದಲೇ ಹುಟ್ಟಿದ್ದು. ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ ಪೈಪಿನಲ್ಲೇ ಹಾಲು. ಚೀಪುವುದು, ನುಂಗುವುದು, ಉಸಿರಾಡುವುದು, ಇವನ್ನು ಒಟ್ಟಿಗೆ ಮಾಡಲು ಅದಕ್ಕಿನ್ನೂ ಬರುತ್ತಿರಲಿಲ್ಲ. ಮನೆಗೆ ಕಳಿಸುವಾಗ ನರ್ಸ್ ನಮ್ಮಿಬ್ಬರಿಗೂ ಒಳಲೆ, ಅಂದರೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಹಿಡಿಯಲು ಕಲಿಸಿದರು. ಮಗುವಿನ ತಲೆ ಎತ್ತಿ ಹಿಡಿಯಬೇಕು, ತುಟಿಗೆ ಸ್ವಲ್ಪವೇ ತಾಗಿಸಬೇಕು, ಅದು ನುಂಗಿ ಉಸಿರು ಎಳೆದುಕೊಳ್ಳುವವರೆಗೆ ಕಾಯಬೇಕು. ಶಾಲೆ ಅರ್ಧಕ್ಕೆ ಬಿಟ್ಟ ನನಗೂ ಅದು ಅರ್ಥವಾಗಿತ್ತು.

ಪೆರಾಬೆಯ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ತಂಗಿ ಬಾಣಂತಿ ಸ್ನಾನಕ್ಕೆ ಹೋಗಿದ್ದಳು. ಹಂಡೆಯ ನೀರು ಮುಗಿಯದೆ ಅವಳನ್ನು ಬಚ್ಚಲಿಂದ ಬಿಡುವುದಿಲ್ಲ. ಅವಳು ಹಿಂಡಿಟ್ಟ ಹಾಲನ್ನು ನಾನು ಕುಡಿಸುತ್ತಿದ್ದೆ. ಇದು ಕುಡಿದು ಮುಗಿಯುವಾಗ ಮಧ್ಯಾಹ್ನ ಆಗುತ್ತದೆ ಎಂದು ನಗಾಡುತ್ತಾ ದೊಡ್ಡಮ್ಮ ಮಗುವನ್ನು ಎತ್ತಿಕೊಂಡರು. ಕಾಲು ನೀಡಿ ಕೂತು, ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆ ತುಂಬಿಸಿ ಬಾಯಿಗೆ ಸುರಿದರು. ನಮ್ಮನೆಯ ಮಕ್ಕಳಿಗೆಲ್ಲ ಹಾಗೆಯೇ ಕುಡಿಸಿ ಅಭ್ಯಾಸ. ಹಾಗಲ್ಲ ಎನ್ನಲು ಹೊರಟೆ.

"ಹೆರದವಳು ನೀನು ನನಗೆ ಹಾಲು ಕುಡಿಸಲಿಕ್ಕೆ ಕಲಿಸುದಾ ಮಾರಾಯ್ತಿ?"

ಬಾಯಿ ಮುಚ್ಚಿಕೊಂಡೆ. ಮಗು ಕೆಮ್ಮಲೂ ಇಲ್ಲ. ತುಟಿ ನೀಲಿಯಾಯಿತು.

ಜೀಪಿನಲ್ಲಿ ಪುತ್ತೂರಿಗೆ ಓಡಿದೆವು. ಮಗು ಬದುಕಿತು. ಹಾಲು ಶ್ವಾಸಕೋಶಕ್ಕೆ ಹೋಗಿತ್ತು, ಮತ್ತೆ ಪೈಪು ಹಾಕಿದರು. ನೋಡಲು ಬಂದವರಿಗೆಲ್ಲ ದೊಡ್ಡಮ್ಮ ಹೇಳಿದ್ದು, ತಾಯಿಯ ಹಾಲೇ ಮಗುವಿಗೆ ಆಗಿಬರಲಿಲ್ಲ ಅಂತ. ಬಂದವರು ಹೌದು ಹೌದು ಎಂದು ತಲೆಯಾಡಿಸಿ, ತಂದ ಕಿತ್ತಳೆಯನ್ನು ತಾವೇ ಸುಲಿದು ತಿಂದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಹಿರಿಯರಿಗೆ ಎದುರು ಮಾತಾಡಬಾರದು ಎಂದು ನಮ್ಮನ್ನು ಬೆಳೆಸಿದರಲ್ಲ, ಅವರ ಮೇಲೂ ಸಿಟ್ಟು. ಆದರೆ ಈ ಮಗುವಿಗೆ ಹಾಗೆ ಸುರಿಯಬಾರದು ಎಂದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಚುಚ್ಚುಮಾತಿಗೆ ಹೆದರಿದೆ. ಆಮೇಲೆ ಆ ಸುಳ್ಳಿಗೂ ಸುಮ್ಮನಿದ್ದೆ.

ತಂಗಿ ಅದನ್ನು ನಂಬಿಬಿಟ್ಟಳು. ಒಂದು ಮಧ್ಯಾಹ್ನ ನೋಡಿದರೆ, ಹಿಂಡಿದ ಹಾಲನ್ನು ವಾರ್ಡಿನ ಬೇಸಿನ್ನಿಗೆ ಚೆಲ್ಲುತ್ತಿದ್ದಾಳೆ. ಇನ್ನು ಹಿಂಡುವುದಿಲ್ಲ, ಪುಡಿ ಹಾಲೇ ಕೊಡಲಿ ಎಂದಳು. ನಾನು ಅವಳ ಕೈ ಹಿಡಿದೆ.

"ನಿನ್ನ ಹಾಲಿನಲ್ಲಿ ಎಂತದೂ ತಪ್ಪಿಲ್ಲ. ದೊಡ್ಡಮ್ಮ ಅಂಗಾತ ಮಲಗಿಸಿ ಸುರಿದದ್ದು. ನಾನು ನೋಡ್ತಾ ನಿಂತಿದ್ದೆ, ಬೇಡ ಅಂತ ಹೇಳಲಿಲ್ಲ. ನನ್ನಿಂದ ತಪ್ಪಾಯ್ತು, ತಂಗೀ."