ಹೋರಿಯ ಸುತ್ತ ಒಂಬತ್ತು ಮುಖಗಳು

ರಾಣೆಬೆನ್ನೂರಿನ ಖಾಸಗಿ ಶಾಲೆಯೊಂದರಲ್ಲಿ ನಾನು ಹನ್ನೊಂದು ವರ್ಷ ಚಿತ್ರಕಲೆ ಕಲಿಸಿದೆ. ಒಂದು ಜೂನ್‌ನಲ್ಲಿ ಆಡಳಿತ ಮಂಡಳಿಯವರು ವೇಳಾಪಟ್ಟಿಯಿಂದ ನನ್ನ ಪೀರಿಯಡ್ಡನ್ನೇ ತೆಗೆದುಹಾಕಿ, ಇನ್ನು ಮುಂದೆ ಲೈಬ್ರರಿ ನೋಡಿಕೊಳ್ಳಿ ಎಂದರು. ಬಣ್ಣಗಳ ಕಪಾಟಿನ ಕೀಲಿಕೈ ಅವರ ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಮನೆಗೆ ಬಂದೆ. ಅದೇ ಸಿಟ್ಟಿನಲ್ಲಿ ಮುಂದಿನ ಕೋಣೆ ಖಾಲಿ ಮಾಡಿ, ಬಾಗಿಲಿಗೆ ಬೋರ್ಡು ತೂಗುಹಾಕಿದೆ: ‘ನಿಮ್ಮ ಸಾಕುಪ್ರಾಣಿಗಳ ಚಿತ್ರ ಬರೆದುಕೊಡಲಾಗುವುದು.’

ಮೈದುನ ಅದನ್ನು ಓದಿ ಬಿದ್ದುಬಿದ್ದು ನಕ್ಕ. “ವೈನಿ, ಮನಷ್ಯಾರ ಫೋಟೋನ ಮೊಬೈಲ್‌ನ್ಯಾಗ ಕೊಳಿಯಾಕತ್ತಾವು. ನಾಯಿ ಚಿತ್ರ ಯಾರ್ ಬರಸ್ತಾರ್ರಿ?”

ಮೂರು ತಿಂಗಳಲ್ಲಿ ಬರೆದದ್ದು ಬ್ಯಾಂಕಿನವರೊಬ್ಬರ ನಾಯಿ ಮತ್ತು ಎದುರು ಮನೆಯ ಬೆಕ್ಕು, ಅಷ್ಟೇ.

ಆಮೇಲೆ ಬ್ಯಾಡಗಿ ಹತ್ತಿರದ ಹಳ್ಳಿಯಿಂದ ಒಬ್ಬ ಯುವಕ ಬಂದ. “ನಮ್ಮ ಹೋರಿ ತೀರಿಕೊಂತ್ರಿ ಅಕ್ಕಾರ. ಅವ್ವ ಊಟ ಬಿಟ್ಟಾಳ. ಒಂದು ದೊಡ್ಡ ಚಿತ್ರ ಬರದು ಕೊಡ್ರಿ.”

ಅದು ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಓಡುತ್ತಿದ್ದ ಹೋರಿ. ಅವನ ಮೊಬೈಲಿನಲ್ಲಿದ್ದ ಫೋಟೋಗಳಲ್ಲೆಲ್ಲ ಕೊಬ್ಬರಿ ಹಾರ, ಬಲೂನು, ಬೆನ್ನಿಗೆ ಹೊದಿಸಿದ ಝೂಲಗಳೇ ಕಾಣುತ್ತಿದ್ದವು. ಹೋರಿಯ ಮುಖವೇ ಇರಲಿಲ್ಲ. ಹಾಗಾಗಿ ನಾನೇ ಹಳ್ಳಿಗೆ ಹೋದೆ. ಅವನ ತಾಯಿ ಮೇವು ಹಾಕುವ ಗ್ವಾದಲಿಯ ಪಕ್ಕ ಕೂತಿದ್ದಳು; ಅದು ಖಾಲಿಯಿತ್ತು.

“ಹುಟ್ಟಿದ ಎಂಟು ದಿನಕ್ಕ ಅದರ ತಾಯಿ ಸತ್ತಿತ್ತು ತಂಗೀ. ಬಾಟ್ಲಿಲೆ ಹಾಲು ಕುಡಿಸಿ ಬೆಳಸೇನಿ. ಎಡಗಣ್ಣಾಗ ಯಾವಾಗ್ಲೂ ನೀರು ಸುರೀತಿತ್ತು, ಅಲ್ಲೊಂದು ಕರಿ ಗೆರಿ ಬಿದ್ದಿತ್ತು. ಅದನ್ನ ಬರಿ. ಬಲೂನ್ ಮಾತ್ರ ಬ್ಯಾಡ. ಬಲೂನ್ ಕಟ್ಟಿ ಓಡಸೂ ಮುಂದ ಪಟಾಕಿ ಸಪ್ಪಳ ಕೇಳಿದ್ರ ಸಾಕು, ಗಡಗಡ ನಡಗತಿತ್ತು.”

ಇಪ್ಪತ್ತು ದಿನ ಬರೆದೆ. ಆ ಕರಿ ಗೆರೆಯೊಂದಕ್ಕೇ ಎರಡು ದಿನ ಹಿಡಿಯಿತು. ಒಯ್ಯಲು ಬಂದ ಮಗ ಚಿತ್ರ ನೋಡಿ ಮುಖ ಸೊಟ್ಟ ಮಾಡಿದ. “ಬಲೂನು ಎಲ್ಲಿ ಅಕ್ಕಾರ?”

“ನಿಮ್ಮ ಅವ್ವಾರು ಬ್ಯಾಡ ಅಂದ್ರು.”

ಅವನು ಚಿತ್ರವನ್ನು ಗಾಡಿಗೆ ಹಾಕಿಕೊಂಡು ಹೋದ.

ಎರಡು ವಾರದ ನಂತರ ಹಾವೇರಿ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಕಂಡೆ. ನಡುವೆ ನಾನು ಬರೆದ ಹೋರಿ. ಸುತ್ತಲೂ ಕಪ್ಪು ಕನ್ನಡಕ ಹಾಕಿದ ಒಂಬತ್ತು ಗಂಡಸರ ಮುಖಗಳು. ಕೊಂಬಿಗೆ ಬಲೂನು ಅಂಟಿಸಿದ್ದರು. ಕಣ್ಣಿನ ಕೆಳಗಿನ ಗೆರೆ ಮಾಯವಾಗಿತ್ತು. ಮೂಲೆಯಲ್ಲಿದ್ದ ನನ್ನ ಸಹಿಯ ಮೇಲೆ ಫ್ಲೆಕ್ಸ್ ಅಂಗಡಿಯ ಹೆಸರು ಕೂತಿತ್ತು. ಹುಡುಕಿಕೊಂಡು ಆ ಅಂಗಡಿಗೇ ಹೋದೆ.

“ಇದು ನಾ ಬರದ ಚಿತ್ರ. ನನ್ನ ಹೆಸರು ಯಾಕ ಅಳಿಸೀರಿ?”

ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ಹೋರಿ ಅವರದು, ಫ್ಲೆಕ್ಸ್ ನಮ್ದು. ನೀವು ಬರೇ ಬಣ್ಣ ಹಚ್ಚೀರಿ.”

“ಕಣ್ಣಿನ ಕೆಳಗಿನ ಗೆರಿ?”

“ಹೊಲಸು ಕಾಣತಿತ್ರಿ. ಕ್ಲೀನ್ ಮಾಡೇನಿ.”

ಹನ್ನೊಂದು ವರ್ಷದಲ್ಲಿ ಯಾವ ತರಗತಿಯಲ್ಲೂ ಹಾಗೆ ಕಿರುಚಿರಲಿಲ್ಲ. ಏನೇನು ಅಂದೆನೋ ನೆನಪಿಲ್ಲ. ಅಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕಿದ್ದು ಮಾತ್ರ ನೆನಪಿದೆ. ಅಲ್ಲಿಂದ ಸೀದಾ ಬ್ಯಾಡಗಿ ಬಸ್ಸು ಹತ್ತಿದೆ.

ಹಳ್ಳಿಯಲ್ಲಿ ಮಗ ಮನೆಯಲ್ಲಿರಲಿಲ್ಲ. ತಾಯಿ ನನ್ನನ್ನು ಕಂಡು ಎದ್ದು ಬಂದಳು. “ಚಿತ್ರ ಮುಗೀತೇನ್ ತಂಗೀ? ಎಂದ ತರ್ತಿ?”

ಚಿತ್ರ ಅವಳ ಮನೆ ಸೇರಿಯೇ ಇರಲಿಲ್ಲ. ಅದು ತಂದ ಸಿಟ್ಟಿನ ಮುಂದೆ ನನ್ನ ಸಹಿಯ ಸಿಟ್ಟು ಏನೂ ಅಲ್ಲವೆನಿಸಿತು.

ಮಗ ಎಲ್ಲಿದ್ದಾನೆಂದು ಓಣಿಯಲ್ಲಿ ಕೇಳುತ್ತಾ ಹೋದೆ. ಫ್ಲೆಕ್ಸ್‌ನಲ್ಲಿ ಮುಖ ಹಾಕಿಸಿಕೊಂಡಿದ್ದ ಗೆಳೆಯರೆಲ್ಲ ಸೇರುವ ಒಂದು ಕೋಣೆಯಲ್ಲಿ ಅವನು ಕೇರಂ ಆಡುತ್ತಿದ್ದ. ಗೋಡೆಯ ಮೇಲೆ ಚಿತ್ರವಿತ್ತು. ಸ್ಟೂಲು ಎಳೆದು ಹತ್ತಿ ಇಳಿಸಿಕೊಂಡೆ.

“ಅಕ್ಕಾರ, ಏನ್ ಮಾಡಾಕತ್ತೀರಿ? ಅದು ನಮ್ದು!”

“ನಿಂದಲ್ಲ, ನಿಮ್ಮ ಅವ್ವಂದು. ಆಕಿ ಊಟ ಬಿಟ್ಟಾಳ ಅಂತ ಹೇಳಿ ಬರಿಸಿಕೊಂಡಿ. ಆಕಿಗೇ ತೋರಿಸಿಲ್ಲ! ನಾಚಿಕಿ ಬರೂದಿಲ್ಲೇನು?”

ಯಾರೂ ಅಡ್ಡ ಬರಲಿಲ್ಲ. ಆ ದೊಡ್ಡ ಚೌಕಟ್ಟನ್ನು ಎದೆಗವಚಿಕೊಂಡು ಓಣಿಯುದ್ದಕ್ಕೂ ನಡೆದೆ. ಅವನು ತಲೆ ತಗ್ಗಿಸಿ ಹಿಂದೆ ಬಂದ.

ತಾಯಿ ಚಿತ್ರದ ಹತ್ತಿರ ಬಂದಳು. ಕಪ್ಪು ಗೆರೆಯ ಮೇಲೆ ಬೆರಳಾಡಿಸಿದಳು. ಕೊನೆಗೆ ಅಂದಳು: “ಕಿವಿ ಇನ್ನೊಂಚೂರು ಉದ್ದ ಇತ್ತವ್ವಾ.”

ಮರುದಿನ ಬಣ್ಣ ತಂದು ಅವಳು ಹೇಳಿದಷ್ಟೇ ಉದ್ದ ಮಾಡಿದೆ. ಮಗ ಚೌಕಟ್ಟು ಅಲುಗಾಡದಂತೆ ಹಿಡಿದುಕೊಂಡಿದ್ದ. ತಪ್ಪಾಯಿತು ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ.

ಆದರೆ ನನ್ನ ನಂಬರನ್ನು ಬೇರೆ ಹೋರಿ ಮಾಲೀಕರಿಗೆ ಕೊಟ್ಟವನು ಅವನೇ. ಮೊದಲು ಫೋನು ಮಾಡಿದವನಿಗೆ ನೇರವಾಗಿ ಕೇಳಿದೆ: “ನಿಮ್ಮ ಹೋರಿಗೆ ದಿನಾ ಮೇವು ಹಾಕೋರು ಯಾರ್ರಿ? ಅವರನ್ನ ಕರಕೊಂಡು ಬರ್ರಿ.” ಅವನು ಫೋನು ಕುಕ್ಕಿದ. ಎರಡನೆಯವನಿಗೂ ಅದನ್ನೇ ಕೇಳಿದೆ. ಅವನು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬಂದ.